ಏಡಿ ಸಾಕುವವರಿಗೆ: ಕೊನೆಯ ವಾರಗಳ ಆಹಾರ

ಆಹಾರ ಬದಲಿಸಿದರೆ ಮಾಂಸದ ಪ್ರೋಟೀನ್ ಅಷ್ಟಾಗಿ ಬದಲಾಗದು, ಬದಲಾಗುವುದು ಕೊಬ್ಬು. ಚಿಪ್ಪು ಬಿಚ್ಚಿದಾಗ ಕಾಣುವ ಹಳದಿ ಭಾಗ ಮತ್ತು ಹೆಣ್ಣೇಡಿಯ ತತ್ತಿಯಲ್ಲಿ ಅದು ಮೊದಲು ತಿಳಿಯುತ್ತದೆ. ಮೀನೆಣ್ಣೆ ಬದಲು ಸೋಯಾ ಎಣ್ಣೆಯ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಹಾಕಿದರೆ ಖರ್ಚು ಉಳಿಯುತ್ತದೆ ನಿಜ, ಆದರೆ ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಇಳಿದು ಸೋಯಾ ಎಣ್ಣೆಯ ಒಮೆಗಾ-6 ಕೊಬ್ಬು ಏರುತ್ತದೆ. ಹಾಗಾಗಿ ಮಾರುವ ಮುಂಚಿನ 4–6 ವಾರವಾದರೂ ಮೀನೆಣ್ಣೆಯ ಪೆಲೆಟ್ ಇಲ್ಲವೇ ತಾಜಾ ಸಣ್ಣ ಮೀನು ಕೊಡಿ.

ತತ್ತಿಯ ಬಣ್ಣ ಪೇಲವವಾಗಿದ್ದರೆ ಅದಕ್ಕೆ ಕೆಂಪು-ಕಿತ್ತಳೆ ಬಣ್ಣ ಕೊಡುವ ಅಸ್ಟಾಕ್ಸಾಂಥಿನ್ ಸಾಲದೆ ಇರಬಹುದು. ಸಿಗಡಿ ತಲೆ ಸೇರಿಸಿ, ಬೇಯಿಸಿಯೇ ಹಾಕಿ. ಹಸಿಯದರಿಂದ ಬಿಳಿ ಚುಕ್ಕೆ ವೈರಸ್ ಬರುವ ಭಯವಿದೆ.

ಹಸಿ ಮೀನಾದರೆ ದಿನಕ್ಕೆ ಏಡಿ ತೂಕದ 5–8%, ಹೆಚ್ಚಿನ ಪಾಲು ಸಂಜೆಗೆ. ಉಳಿದದ್ದನ್ನು ಬೆಳಿಗ್ಗೆ ತೆಗೆಯದಿದ್ದರೆ ಅಮೋನಿಯಾ ಏರಿ ಏಡಿ ತಿನ್ನುವುದನ್ನೇ ಬಿಡುತ್ತದೆ.