ಕಲ್ಲಿದ್ದಲು ಗಣಿಯ ಪಕ್ಕದ ಅಂತರ್ಜಲ: ಮಟ್ಟ ಅಳೆಯುವುದು, ಮಾದರಿ ತೆಗೆಯುವುದು

ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಕ್ಕೆಂದು ಕರ್ನಾಟಕ ವಿದ್ಯುತ್ ನಿಗಮ ಪಡೆದಿರುವ ಬರಾಂಜ್ ಗಣಿ ಇರುವುದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ, ವಾರ್ಧಾ ಕಣಿವೆಯಲ್ಲಿ. ಅಲ್ಲಿ ಕಲ್ಲಿದ್ದಲು ಸಿಗುವುದು ಬರಾಕರ್ ಶಿಲಾಸ್ತರದಲ್ಲಿ. ಅದರ ಮೇಲೆ ಹಲವೆಡೆ ನೀರು ತುಂಬಿದ ಕಾಮ್ಠಿ ಮರಳುಗಲ್ಲು. ಇಂಥ ಕಡೆ ತೆರೆದ ಗಣಿ ಆಳಕ್ಕಿಳಿದಂತೆ ಮರಳುಗಲ್ಲಿನ ನೀರು ಗುಂಡಿಗೆ ಬಸಿಯುತ್ತದೆ, ಪಂಪುಗಳು ಅದನ್ನು ಹೊರಹಾಕುತ್ತವೆ. ಊರಿನ ತೆರೆದ ಬಾವಿಗೆ ಇದು ಬೇಗ ತಿಳಿಯುವುದಿಲ್ಲ. ಅದರ ನೀರು ಮೇಲಿನ ಸಡಿಲ ಪದರದ್ದು, ಒಂದು ಒಳ್ಳೆಯ ಮಳೆಗೆ ಏರಿಬಿಡುತ್ತದೆ. ತೆರೆದ ಬಾವಿಗಳನ್ನಷ್ಟೇ ಅಳೆದು ‘ಮಟ್ಟ ಸರಿಯಾಗಿದೆ’ ಎಂದು ಬರೆಯುವುದು ಈ ಕೆಲಸದ ದೊಡ್ಡ ತಪ್ಪು.

ಆದ್ದರಿಂದ ಪ್ರತಿ ಜಲಪದರಕ್ಕೂ ಬೇರೆ ಪೀಜೋಮೀಟರ್, ಅಂದರೆ ಆ ಪದರದ ನೀರಿನ ಮಟ್ಟವನ್ನಷ್ಟೇ ತೋರಿಸುವ ಕೊಳವೆ ಬಾವಿ, ಬೇಕು. ಜಾಲರಿ ಪೈಪ್ ಆ ಒಂದು ಪದರದ ಎದುರಿಗೇ ಬರಬೇಕು. ಸುತ್ತ ಸಣ್ಣ ಜಲ್ಲಿ, ಅದರ ಮೇಲೆ ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿಮಣ್ಣು) ಮುದ್ರೆ, ಅಲ್ಲಿಂದ ನೆಲದವರೆಗೆ ಸಿಮೆಂಟ್ ಗ್ರೌಟ್ (ತೆಳು ಗಾರೆ). ಮುದ್ರೆ ಸೋರಿದರೆ ಮೇಲಿನ ನೀರು ಕೆಳಗಿಳಿದು ಎರಡು ಪದರಗಳ ಮಟ್ಟ ಬೆರೆಯುತ್ತದೆ. ಆ ಅಂಕಿ ಯಾವ ಪದರದ್ದೂ ಅಲ್ಲ. ನೀರು ಹರಿದುಬರುವ ದಿಕ್ಕಿನಲ್ಲಿ, ಗಣಿಯ ಪ್ರಭಾವ ತಲುಪದಷ್ಟು ದೂರದಲ್ಲಿ ಒಂದು ಹೋಲಿಕೆ ಬಾವಿಯೂ ಇರಲಿ. ಕುಸಿತ ಬರದಿಂದಲೋ ಗಣಿಯಿಂದಲೋ ಎಂದು ಬೇರ್ಪಡಿಸಲು ಅದು, ಮಳೆಮಾಪಕ ಮತ್ತು ಗಣಿ ಪಂಪಿನ ದಿನವಹಿ ಲೆಕ್ಕ, ಈ ಮೂರೂ ಬೇಕು.

ಮಟ್ಟವನ್ನು ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಅಳೆಯಿರಿ: ಜನವರಿ, ಏಪ್ರಿಲ್–ಮೇ, ಆಗಸ್ಟ್, ನವೆಂಬರ್. ಕೇಸಿಂಗ್ (ಬಾವಿಯ ಹೊರಪೈಪ್) ಅಂಚಿನಲ್ಲಿ ಒಂದು ಗೀರು ಹಾಕಿ, ಪ್ರತಿ ಸಲವೂ ಅಲ್ಲಿಂದಲೇ ಟೇಪ್ ಇಳಿಸಿ. ಬೆನ್ನುಬೆನ್ನಿಗೆ ತೆಗೆದ ಎರಡು ಅಳತೆಗಳ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ ಅಳೆಯಿರಿ. ಹತ್ತಿರದಲ್ಲಿ ಪಂಪ್ ಓಡುತ್ತಿರಬಹುದು. ನೆಲದಿಂದ ಗೀರಿನ ಎತ್ತರವನ್ನು ಕಳೆಯಲು ಮರೆತರೆ ಅರ್ಧ ಮೀಟರಿನ ಸುಳ್ಳು ಕುಸಿತ ದಾಖಲಾಗುತ್ತದೆ. ಗಾಳಿ ಕೊಳವೆಯಿಲ್ಲದ ಒತ್ತಡ ಲಾಗರ್ (ನೀರಿನೊಳಗೆ ಒತ್ತಡವನ್ನು ತಾನೇ ದಾಖಲಿಸುವ ಉಪಕರಣ) ಬಳಸುವವರು ವಾಯುಭಾರವನ್ನೂ ದಾಖಲಿಸಿ ಕಳೆಯಬೇಕು: 10 ಮಿಲಿಬಾರ್ ಬದಲಾವಣೆ ಎಂದರೆ ಸುಮಾರು 10 ಸೆಂ.ಮೀ. ನೀರು.

ಮಾದರಿಗೆ ಮೊದಲು ನಿಂತ ನೀರನ್ನು ಹೊರಹಾಕಿ, ಪೈಪಿನಲ್ಲಿರುವುದರ ಮೂರು ಪಟ್ಟು. 150 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ 17.7 ಲೀಟರ್, 20 ಮೀಟರ್ ನೀರಿದ್ದರೆ ಸುಮಾರು 1,060 ಲೀಟರ್ ತೆಗೆಯಬೇಕು. ಸೆಕೆಂಡಿಗೆ 1 ಲೀಟರ್ ಪಂಪಿಗೆ 18 ನಿಮಿಷದ ಕೆಲಸ. ಆಮೇಲೆ ಐದೈದು ನಿಮಿಷಕ್ಕೆ ತೆಗೆದ ಮೂರು ಓದುಗಳಲ್ಲಿ ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ 3ರೊಳಗೆ ನಿಂತ ಮೇಲೆಯೇ ಬಾಟಲಿ ತುಂಬಿ.

ಲೋಹಗಳ ಬಾಟಲಿಗೆ ನೀರನ್ನು ಸ್ಥಳದಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನಂತರ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಿ. ಕ್ರಮ ತಿರುಗಿಸಿದರೆ ಮಣ್ಣಿನ ಕಣಗಳಲ್ಲಿನ ಕಬ್ಬಿಣ ಕರಗಿ ಅಂಕಿ ಏರುತ್ತದೆ. ಸೋಸದೆ, ಆಮ್ಲವಿಲ್ಲದೆ ಪ್ರಯೋಗಾಲಯಕ್ಕೆ ಒಯ್ದರೆ ಕಬ್ಬಿಣ ತುಕ್ಕಿನಂತೆ ತಳಕ್ಕಿಳಿದು ಅಂಕಿ ತಗ್ಗುತ್ತದೆ. ಸಲ್ಫೇಟ್, ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್‌ಗೆ ಆಮ್ಲ ಹಾಕದ ಬೇರೆ ಪ್ಲಾಸ್ಟಿಕ್ ಬಾಟಲಿ, 4 ಡಿಗ್ರಿ ಸೆಲ್ಸಿಯಸ್ ತಂಪು. ಬೈಕಾರ್ಬೊನೇಟನ್ನು ಬಾವಿಯ ಬಳಿಯೇ ಟೈಟ್ರೇಟ್ ಮಾಡುವುದು (ಆಮ್ಲವನ್ನು ಹನಿಹನಿಯಾಗಿ ಹಾಕಿ ಅಳೆಯುವುದು) ಒಳ್ಳೆಯದು.

ಈಗ ಫಲಿತಾಂಶ. ಪಿಎಚ್ 7.5 ಎಂದು ನೋಡಿ ನೆಮ್ಮದಿಯಾಗಬೇಡಿ. ಬರಾಕರ್ ಸೇರಿದ ಗೊಂಡ್ವಾನ ಶಿಲಾಸಮೂಹದ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಮೇಘಾಲಯದ ಜೈಂತಿಯಾ ಬೆಟ್ಟಗಳಂತೆ ಇಲ್ಲಿ ನೀರು ಹುಳಿಯಾಗುವುದು ಅಪರೂಪ. ಆದರೆ ಗಾಳಿ ತಾಗಿದ ಪೈರೈಟ್ (ಕಬ್ಬಿಣ, ಗಂಧಕಗಳ ಖನಿಜ) ಕೊಡುವ ಆಮ್ಲವನ್ನು ಬಂಡೆಯಲ್ಲಿನ ಸುಣ್ಣದಂಶ ನುಂಗಿಕೊಂಡಾಗ ಪಿಎಚ್ ಅಲುಗದೆ ಸಲ್ಫೇಟ್ ಮತ್ತು ಗಡಸುತನ ಏರುತ್ತವೆ. ಕ್ಲೋರೈಡ್ ಇದ್ದಲ್ಲೇ ಇದ್ದು ಸಲ್ಫೇಟ್ ಮಾತ್ರ ಸತತವಾಗಿ ಏರಿದರೆ ಗಣಿಯ ಕಡೆ ಕಣ್ಣು ಹಾಯಿಸಿ. ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಮಿತಿ ಲೀಟರಿಗೆ 200 ಮಿ.ಗ್ರಾಂ. ತಲುಪುವವರೆಗೆ ಕಾಯಬೇಡಿ. ನೈಟ್ರೇಟ್ ಮಾತ್ರ ಗೊಬ್ಬರದಿಂದಲೂ ಬರಬಹುದು, ಸಿಡಿತಕ್ಕೆ ಬಳಸುವ ಅಮೋನಿಯಂ ನೈಟ್ರೇಟಿನಿಂದಲೂ ಬರಬಹುದು. ಫ್ಲೋರೈಡ್ ಬಂಡೆಯಿಂದಲೇ ಬರುತ್ತದೆ, ಹಾಗಾಗಿ ಗಣಿಗೆ ಮುಂಚಿನ ಅಂಕಿ ಇಲ್ಲದೆ ಯಾರನ್ನೂ ದೂರಲಾಗದು. ವರದಿಯಲ್ಲಿ ಧನ ಮತ್ತು ಋಣ ಅಯಾನುಗಳ (ನೀರಿನಲ್ಲಿ ಕರಗಿದ, ವಿದ್ಯುದಾವೇಶವಿರುವ ಕಣಗಳ) ಮೊತ್ತ ಶೇ 5ಕ್ಕಿಂತ ಹೆಚ್ಚು ತಾಳೆ ತಪ್ಪಿದ್ದರೆ ಮರುಪರೀಕ್ಷೆ ಕೇಳಿ.

ಗಣಿ ಮುಚ್ಚಿ ಪಂಪ್ ನಿಲ್ಲಿಸಿದಾಗ ಕೆಲಸ ಮುಗಿಯುವುದಿಲ್ಲ. ಏರುವ ನೀರು ಒಣ ಗೋಡೆಗಳಲ್ಲಿ ಕೂತ ಲವಣಗಳನ್ನೆಲ್ಲ ತೊಳೆದುಕೊಳ್ಳುತ್ತದೆ, ಸಲ್ಫೇಟ್ ಒಮ್ಮೆಲೇ ಏರಬಹುದು. ಆದ್ದರಿಂದ ಆಗಲೂ ಅಳೆಯಲು ಪೀಜೋಮೀಟರ್‌ಗಳು ಉಳಿದಿರಬೇಕು: ಮೇಲ್ಮಣ್ಣಿನ ರಾಶಿ ಸುರಿಯುವ ಜಾಗದಿಂದ ಅವನ್ನು ದೂರವಿಟ್ಟು, ಬಾಯಿಗೆ ಕಬ್ಬಿಣದ ಮುಚ್ಚಳ, ಬೀಗ ಹಾಕಿಸಿ.