ಉದ್ರಿ ಬಾಕಿ: ಆಗಾಗ ಕೂಡಿಸುವುದೋ, ಬರೆದಿಡುವುದೋ?

ಕಿರಾಣಿ ಅಂಗಡಿಯ ಉದ್ರಿ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ ಎನ್ನಿ. ‘ಗ್ರಾಹಕ’ ಒಂದು ಟೇಬಲ್, ‘ವಹಿವಾಟು’ ಇನ್ನೊಂದು. ಉದ್ರಿ ಕೊಟ್ಟದ್ದು ಕೂಡುವ ಮೊತ್ತ, ಗ್ರಾಹಕರು ಕಟ್ಟಿದ್ದು ಕಳೆಯುವ ಮೊತ್ತ. ಬಾಕಿಯನ್ನು ಕೇಳಿದಾಗಲೆಲ್ಲ ಕೂಡಿಸಬೇಕೋ, ಗ್ರಾಹಕರ ಸಾಲಿನಲ್ಲೇ ‘ಬಾಕಿ’ ಎಂಬ ಕಾಲಮ್ ಇಡಬೇಕೋ?

ಮೊದಲು ಕೂಡಿಸಿಯೇ ನೋಡಿ. ‘ಮೊತ್ತ’ ಕಾಲಮ್ ನ್ಯೂಮೆರಿಕ್(12,2) ಇರಲಿ, ಅಂದರೆ ದಶಮಾಂಶದ ನಂತರ ಎರಡಂಕಿಯ ನಿಖರ ಸಂಖ್ಯೆ. ಫ್ಲೋಟ್ (ಅಂದಾಜು ದಶಮಾಂಶ) ಇಟ್ಟರೆ ಪೈಸೆ ಲೆಕ್ಕ ತಾಳೆಯಾಗುವುದಿಲ್ಲ. ವಹಿವಾಟೇ ಇಲ್ಲದವರಿಗೆ ಕೂಡಿಸುವ ‘ಸಮ್’ ಸೊನ್ನೆ ಕೊಡುವುದಿಲ್ಲ, ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಕೊಡುತ್ತದೆ. ಅದನ್ನು ಸೊನ್ನೆಯಾಗಿಸಲು ಕೋಅಲೆಸ್ ಹಾಕಿ. ವಹಿವಾಟು ಟೇಬಲ್‌ನಲ್ಲಿ ಗ್ರಾಹಕರ ಐಡಿ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಮಾಡಿ, ‘ಇನ್‌ಕ್ಲೂಡ್’ನಲ್ಲಿ ಮೊತ್ತವನ್ನೂ ಸೇರಿಸಿ (11ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ). ಕ್ವೆರಿ ಹೇಗೆ ಓಡಿತೆಂದು ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಸ್’ ಓಡಿಸಿದಾಗ ‘ಇಂಡೆಕ್ಸ್ ಓನ್ಲಿ ಸ್ಕ್ಯಾನ್’ (ಇಂಡೆಕ್ಸ್ ಓದಿಯೇ ಉತ್ತರ) ಕಾಣಬೇಕು. ‘ಹೀಪ್ ಫೆಚಸ್’ (ಟೇಬಲ್‌ಗೇ ಹೋಗಿ ಓದಿದ್ದು) ಸಂಖ್ಯೆ ದೊಡ್ಡದಿದ್ದರೆ ಟೇಬಲ್‌ಗೆ ವ್ಯಾಕ್ಯೂಮ್ (ಹಳೆಯ ಸಾಲುಗಳ ಶುಚಿ) ಆಗಬೇಕಿದೆ. ಎಷ್ಟೋ ಅಂಗಡಿಗಳ ಕೆಲಸ ಇಷ್ಟಕ್ಕೇ ಮುಗಿಯುತ್ತದೆ.

ಬರೆದಿಡಲು ವೇಗಕ್ಕಿಂತ ಗಟ್ಟಿ ಕಾರಣ ಉದ್ರಿ ಮಿತಿ. ಮಿತಿ ₹5,000, ಬಾಕಿ ₹4,600. ಎರಡು ಕೌಂಟರ್‌ಗಳಲ್ಲಿ ಒಂದೇ ಗಳಿಗೆಗೆ ₹300ರ ಒಂದೊಂದು ಬಿಲ್. ಎರಡೂ ಕಡೆ ಕೂಡಿಸಿದರೆ 4,600 ಎಂದೇ ಬರುತ್ತದೆ, ಎರಡೂ ಬಿಲ್ ಪಾಸಾಗುತ್ತವೆ, ಬಾಕಿ 5,200ಕ್ಕೆ ಏರುತ್ತದೆ. ಬಾಕಿ ಕಾಲಮ್ ಇಟ್ಟು, ಅದು ಮಿತಿ ದಾಟಬಾರದೆಂದು ಚೆಕ್ ಕನ್‌ಸ್ಟ್ರೇಂಟ್ (ಡೇಟಾಬೇಸೇ ಪಾಲಿಸುವ ನಿಯಮ) ಹಾಕಿದರೆ ಎರಡನೇ ಬಿಲ್, ಮೊದಲನೆಯದು ಹಿಡಿದ ಆ ಸಾಲಿನ ಲಾಕ್ ಬಿಡುವವರೆಗೆ ಕಾಯುತ್ತದೆ, ಆಮೇಲೆ ತಿರಸ್ಕೃತವಾಗುತ್ತದೆ.

ಆದರೆ ಬಾಕಿಯನ್ನು ಆ್ಯಪ್‌ನಲ್ಲಿ ಓದಿ, ಅಲ್ಲೇ ಕೂಡಿಸಿ, ಹೊಸ ಅಂಕಿಯನ್ನು ವಾಪಸ್ ಬರೆಯಬೇಡಿ. 500 ಇದ್ದಾಗ ಒಬ್ಬರು 200 ಉದ್ರಿ ಬರೆದು, ಇನ್ನೊಬ್ಬರು 300 ಜಮಾ ಮಾಡಿದರೆ ಉಳಿಯಬೇಕಾದ್ದು 400. ಕೊನೆಗೆ ಬರೆದವರ ಅಂಕಿ ಗೆದ್ದು 700 ಅಥವಾ 200 ಆಗಿಬಿಡುತ್ತದೆ. ‘ಅಪ್‌ಡೇಟ್’ ಒಳಗೇ ‘ಬಾಕಿ = ಬಾಕಿ + ಮೊತ್ತ’ ಎಂದು ಬರೆಯಿರಿ, ವಹಿವಾಟಿನ ಇನ್ಸರ್ಟ್ ಇರುವ ಟ್ರಾನ್ಸಾಕ್ಷನ್‌ನಲ್ಲೇ (ಆದರೆ ಎಲ್ಲವೂ ಆಗುವ, ಇಲ್ಲವೇ ಯಾವುದೂ ಆಗದ ಒಂದು ಕಟ್ಟು).

ಇದನ್ನು ಟ್ರಿಗರ್‌ನಿಂದ (ಟೇಬಲ್ ಬದಲಾದಾಗ ತಾನೇ ಓಡುವ ಕೋಡ್) ಮಾಡಿಸುವುದಾದರೆ ಇನ್ಸರ್ಟ್ ಒಂದಕ್ಕೇ ಬರೆದು ನಿಲ್ಲಿಸಬೇಡಿ. ಡಿಲೀಟ್ ಇದೆ, ಮೊತ್ತದ ತಿದ್ದುಪಡಿ ಇದೆ. ತಪ್ಪು ಹೆಸರಿಗೆ ಬರೆದ ಬಿಲ್ಲನ್ನು ಸರಿಯಾದ ಖಾತೆಗೆ ಹಾಕುವುದೂ ಇದೆ: ಹಳೆಯ ಐಡಿಯಿಂದ ಕಳೆಯಬೇಕು, ಹೊಸದಕ್ಕೆ ಕೂಡಿಸಬೇಕು. ಈ ಎರಡು ಸಾಲುಗಳನ್ನು ಯಾವಾಗಲೂ ಚಿಕ್ಕ ಐಡಿಯಿಂದ ಶುರುಮಾಡಿ ಮುಟ್ಟಿ. ಇಲ್ಲದಿದ್ದರೆ ಡೆಡ್‌ಲಾಕ್ ಆಗಬಹುದು, ಅಂದರೆ ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾದು ಇಬ್ಬರೂ ಸಿಕ್ಕಿಕೊಳ್ಳಬಹುದು.

ತಿಂಗಳ ವರದಿಗೆ ಇಷ್ಟೆಲ್ಲ ಬೇಡ, ಮೆಟೀರಿಯಲೈಸ್ಡ್ ವ್ಯೂ (ಕ್ವೆರಿಯ ಉತ್ತರವನ್ನು ಉಳಿಸಿಟ್ಟ ಟೇಬಲ್‌ನಂಥದ್ದು) ಸಾಕು. ಓದುವವರನ್ನು ತಡೆಯದೆ ‘ಕನ್‌ಕರೆಂಟ್ಲಿ’ ರಿಫ್ರೆಶ್ ಮಾಡಲು ಅದಕ್ಕೊಂದು ಯೂನಿಕ್ ಇಂಡೆಕ್ಸ್ ಬೇಕು.

ಬರೆದಿಟ್ಟ ಬಾಕಿಯನ್ನು ರಾತ್ರಿ ಒಮ್ಮೆ ಮೂಲ ವಹಿವಾಟಿನ ಜೊತೆ ತಾಳೆ ನೋಡಿ. ಎರಡನ್ನೂ ಒಂದೇ ಕ್ವೆರಿಯಲ್ಲಿ, ಲೆಫ್ಟ್ ಜಾಯಿನ್ ಮಾಡಿ (ವಹಿವಾಟಿಲ್ಲದ ಗ್ರಾಹಕರೂ ಉಳಿಯುವಂತೆ) ಹೋಲಿಸಿ. ಬೇರೆ ಬೇರೆ ಕ್ವೆರಿ ಓಡಿಸಿದರೆ ನಡುವೆ ಬಂದ ಬಿಲ್ ಸುಳ್ಳು ವ್ಯತ್ಯಾಸ ತೋರಿಸುತ್ತದೆ. ನಿಜಕ್ಕೂ ವ್ಯತ್ಯಾಸ ಇದ್ದರೆ ಬಾಕಿಯನ್ನು ತಿದ್ದುವ ಮೊದಲು ಕಾರಣ ಹುಡುಕಿ. ಯಾರೋ ಟ್ರಂಕೇಟ್ ಮಾಡಿರಬಹುದು (ಇಡೀ ಟೇಬಲ್ ಒಂದೇ ಸಲ ಖಾಲಿ), ಸಾಲಿನ ಟ್ರಿಗರ್ ಅದಕ್ಕೆ ಓಡುವುದೇ ಇಲ್ಲ. ಅಥವಾ ಹಳೆಯ ಲೆಕ್ಕ ತುಂಬುವಾಗ ಟ್ರಿಗರ್ ನಿಲ್ಲಿಸಿ, ಮತ್ತೆ ಶುರುಮಾಡಲು ಮರೆತಿರಬಹುದು.