74ನೇ ಕಲಮಿನ ಮೂಲ ತೀರ್ಪು ಹುಡುಕಿದ್ದು ಹೀಗೆ

ಕರಾರು ಮುರಿದಾಗ ಸಿಗುವ ಪರಿಹಾರದ ಬಗ್ಗೆ ಹೇಳೋದು ಭಾರತೀಯ ಕರಾರು ಕಾಯ್ದೆಯ 74ನೇ ಕಲಮು. ಅದರ ಮೇಲಿನ ಸುಪ್ರೀಂ ಕೋರ್ಟಿನ ಫತೇಚಂದ್ ವಿರುದ್ಧ ಬಾಲಕಿಶನ್ ದಾಸ್ ತೀರ್ಪು ಗೈಡಿನಲ್ಲಿ 1963, ಇನ್ನೊಂದು ನೋಟ್ಸಿನಲ್ಲಿ 1964. ಎರಡು ಬೇರೆ ಪ್ರಕರಣ ಅಂತ ಅರ್ಧ ದಿನ ಹುಡುಕಿದ್ದಾಯ್ತು. ಇರೋದು ಒಂದೇ, ಅಚ್ಚಾಗಿರೋದು ಎರಡು ತೀರ್ಪು ವರದಿ ಮಾಲೆಗಳಲ್ಲಿ: ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) 1963 ಎಸ್‌ಸಿ 1405, ಅದೇ 1964ರ ಎಸ್‌ಸಿಆರ್ (ಸುಪ್ರೀಂ ಕೋರ್ಟ್ ರಿಪೋರ್ಟ್ಸ್) 1ನೇ ಸಂಪುಟ, ಪುಟ 515. ತೀರ್ಪು ಬಂದದ್ದು 1963ರ ಜನವರಿಯಲ್ಲಿ, ಎಸ್‌ಸಿಆರ್ ಸಂಪುಟದ ವರ್ಷ ಮುಂದಿನದು.

ಹೆಸರು ಹಾಕಿ ಹುಡುಕಿದರೆ ಇಂಗ್ಲಿಷಿನಲ್ಲಿ ದಾಸ್ ಕೊನೆಗೆ ಒಂದು ಎಸ್ಸೋ ಎರಡೋ ಅನ್ನೋದರಲ್ಲೇ ಕೈಕೊಡುತ್ತೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ಸಂಪುಟ, ಪುಟ ಕೊಟ್ಟರೆ ಪಿಡಿಎಫ್ ಪುಕ್ಕಟೆ ಸಿಗುತ್ತೆ. ತೆರೆದ ಮೇಲೆ ಹೆಡ್‌ನೋಟ್, ಅಂದರೆ ಮೇಲಿರೋ ಸಾರಾಂಶ, ದಾಟಿಕೊಂಡು ಹೋಗಿ. ಅದು ಸಂಪಾದಕರ ಮಾತು, ನ್ಯಾಯಮೂರ್ತಿಗಳದ್ದಲ್ಲ. ಗೈಡುಗಳು ಉದ್ಧರಿಸೋದು ಹೆಚ್ಚಾಗಿ ಅದನ್ನೇ. ಒಳಗೆ ಲೆಕ್ಕ ಸ್ಪಷ್ಟ: ಆಸ್ತಿಯ ಒಟ್ಟು ಬೆಲೆ 1,12,500 ರೂಪಾಯಿ, ಮುಂಗಡ (ಕರಾರಿಗೆ ಖಾತರಿಯಾಗಿ ಕೊಟ್ಟ ಹಣ) 1,000, ಆಮೇಲೆ ಕೊಟ್ಟದ್ದು 24,000. ಮುಟ್ಟುಗೋಲಿಗೆ ಸಿಕ್ಕಿದ್ದು ಆ ಸಾವಿರ ಮಾತ್ರ. 24,000ವನ್ನು ಕೋರ್ಟು ಮುಂಗಡ ಅಂತ ಒಪ್ಪಲಿಲ್ಲ.

ಕಲಮಿನ ಪಠ್ಯಕ್ಕೆ ಸರ್ಕಾರದ ಕಾಯ್ದೆಗಳ ತಾಣ ಇಂಡಿಯಾ ಕೋಡ್ ಸಾಕು. 1872ರ ಕರಾರು ಕಾಯ್ದೆ ತೆರೆದು ಕಲಮಿನ ಕೆಳಗಿನ ದೃಷ್ಟಾಂತ, ಅಡಿಟಿಪ್ಪಣಿ ಎರಡನ್ನೂ ಓದಿ. 76ರಿಂದ 123 ಕಾಣಲಿಲ್ಲ ಅಂತ ಗಾಬರಿ ಬೇಡ, ಅವು 1930ರಲ್ಲಿ ಸರಕು ಮಾರಾಟ ಕಾಯ್ದೆಗೆ ಹೋದವು. 239ರಿಂದ 266 ಪಾಲುದಾರಿಕೆ ಕಾಯ್ದೆಗೆ, 1932ರಲ್ಲಿ.

ಅಪ್ರಾಪ್ತರ ಕರಾರಿನ ಬಗೆಗಿನ ಮೊಹೋರಿ ಬೀಬಿ ಪ್ರಕರಣ ಇ-ಎಸ್‌ಸಿಆರ್‌ನಲ್ಲಿ ಸಿಗಲ್ಲ. ಅದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್‌ನ 1903ರ ತೀರ್ಪು, ಸುಪ್ರೀಂ ಕೋರ್ಟ್ ಹುಟ್ಟಿದ್ದೇ 1950ರಲ್ಲಿ. ಪ್ರಿವಿ ಕೌನ್ಸಿಲ್ ತೀರ್ಪುಗಳಿಗೆ ಬ್ರಿಟನ್ನಿನ ಬೈಲಿ ತಾಣ ನೋಡಿ.